ಮದುವೆ ಊರಲ್ಲಿ, ಸಂಸಾರ ಬ್ರಿಟನ್‌ನಲ್ಲಿ: ಸಂಗಾತಿ ವೀಸಾಕ್ಕೆ ಆದಾಯ ತೋರಿಸುವ ಲೆಕ್ಕ

ಕಾಸರಗೋಡಿನವರಿಗೆ ಗಲ್ಫಿನ ಫ್ಯಾಮಿಲಿ ವೀಸಾ ಹೊಸತಲ್ಲ. ಯುಎಇಯಲ್ಲಿ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ದಿರ್ಹಮ್ ಜೊತೆಗೆ ವಸತಿ ಇದ್ದರೆ ಹೆಂಡತಿಯನ್ನು ಕರೆಸಿಕೊಳ್ಳಬಹುದು ಎಂಬುದು ಕುಂಬಳೆ, ಉಪ್ಪಳದ ಪೇಟೆಯಲ್ಲಿ ಯಾರನ್ನು ಕೇಳಿದರೂ ಗೊತ್ತು. ಅದೇ ಅಂದಾಜಿನಲ್ಲಿ ಬ್ರಿಟನ್‌ನ ಅರ್ಜಿಗೆ ಕೈ ಹಾಕಿದರೆ ಕೆಡುತ್ತದೆ. ಅಲ್ಲಿ ಹಣ ಇದೆಯೇ ಎಂದಷ್ಟೇ ನೋಡುವುದಿಲ್ಲ. ಎಷ್ಟು ತಿಂಗಳಿಂದ ಇದೆ, ಯಾರ ಹೆಸರಿನಲ್ಲಿದೆ, ಯಾವ ಕಾಗದದಲ್ಲಿ ಕಾಣುತ್ತದೆ ಎಂದೂ ನೋಡುತ್ತಾರೆ.

ಮೊದಲು ಯಾವ ವೀಸಾ ಎಂದು ತಿಳಿದುಕೊಳ್ಳಿ. ಅಲ್ಲಿರುವವರು ಸ್ಕಿಲ್ಡ್ ವರ್ಕರ್ ಎಂಬ ಕೆಲಸದ ವೀಸಾದಲ್ಲಿದ್ದರೆ ಇಲ್ಲಿಂದ ಹೋಗುವವರದ್ದು ಸಾಮಾನ್ಯವಾಗಿ ಡಿಪೆಂಡೆಂಟ್ ವೀಸಾ. ಅದಕ್ಕೆ ಮುಂದೆ ಹೇಳುವ ಆದಾಯದ ಮಿತಿ ಇಲ್ಲ. ಸಂಗಾತಿಗಾಗಿ 285 ಪೌಂಡ್ 28 ದಿನ ಖಾತೆಯಲ್ಲಿದ್ದರೆ ಸಾಕು. ಆದರೆ ಕೇರ್ ವರ್ಕರ್ ಆಗಿ 2024ರ ಮಾರ್ಚ್ 11ರ ನಂತರ ಹೊಸದಾಗಿ ವೀಸಾ ಪಡೆದವರು ಕುಟುಂಬವನ್ನು ಕರೆಸುವಂತಿಲ್ಲ. ಅಲ್ಲಿರುವವರು ಬ್ರಿಟಿಷ್ ಪ್ರಜೆಯಾಗಿದ್ದರೆ ಅಥವಾ ನಾವು ಪಿಆರ್ ಎನ್ನುವ ಐಎಲ್‌ಆರ್ ಹೊಂದಿದ್ದರೆ ಮಾತ್ರ ಮುಂದಿನದ್ದು ಅನ್ವಯ. ಗಂಡ ಅಲ್ಲಿದ್ದರೂ, ನರ್ಸ್ ಆಗಿ ಹೋದ ಹೆಂಡತಿ ಅಲ್ಲಿದ್ದರೂ ಲೆಕ್ಕ ಒಂದೇ. ಅಲ್ಲಿರುವವರನ್ನು ಸ್ಪಾನ್ಸರ್, ಇಲ್ಲಿರುವವರನ್ನು ಅರ್ಜಿದಾರ ಎನ್ನೋಣ.

2024ರ ಏಪ್ರಿಲ್ 11ರಿಂದ ಸ್ಪಾನ್ಸರ್‌ಗೆ ವರ್ಷಕ್ಕೆ 29,000 ಪೌಂಡ್ ಆದಾಯ ಬೇಕು. ತೆರಿಗೆ ಕಳೆಯುವ ಮೊದಲಿನ ಮೊತ್ತ ಇದು, ಕೈಗೆ ಬರುವ ಸಂಬಳವಲ್ಲ. ಹಿಂದೆ 18,600 ಇತ್ತು, ಮಕ್ಕಳಿದ್ದರೆ ಮೇಲೆ ಇನ್ನಷ್ಟು ತೋರಿಸಬೇಕಿತ್ತು. ಹೊಸ ಅರ್ಜಿಗಳಿಗೆ ಮಕ್ಕಳ ಲೆಕ್ಕ ಇಲ್ಲ. ಅರ್ಜಿ ಹಾಕುವ ವಾರ ಬ್ರಿಟನ್ ಸರಕಾರದ ಜಾಲತಾಣದಲ್ಲಿ ಮೊತ್ತವನ್ನು ಮತ್ತೊಮ್ಮೆ ನೋಡಿ. ಪಿಐಪಿ (ಅಂಗವಿಕಲರಿಗೆ ಸರಕಾರ ಕೊಡುವ ಭತ್ಯೆ), ಕೇರರ್ಸ್ ಅಲೋವೆನ್ಸ್ (ಅಶಕ್ತರನ್ನು ನೋಡಿಕೊಳ್ಳುವವರ ಭತ್ಯೆ) ಇಂಥದ್ದನ್ನು ಪಡೆಯುವ ಸ್ಪಾನ್ಸರ್‌ಗೆ 29,000ದ ಷರತ್ತೇ ಇಲ್ಲ, ಸಂಸಾರ ಸಾಗುವಷ್ಟು ಆದಾಯ ತೋರಿಸಿದರಾಯಿತು.

ಸಂಬಳದಾರರಿಗೆ ಎರಡು ದಾರಿ. ಒಂದೇ ಕಡೆ ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ದುಡಿದಿದ್ದರೆ ಕ್ಯಾಟಗರಿ ಎ. ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ: ನಿಗದಿತ ಸಂಬಳದವರಿಗೆ ಆ ಆರು ತಿಂಗಳಲ್ಲಿ ಇದ್ದ ಅತಿ ಕಡಿಮೆ ಸಂಬಳವೇ ಲೆಕ್ಕ. ಜೂನ್‌ವರೆಗೆ 28,200 ಇದ್ದು ಜುಲೈಯಿಂದ 29,500 ಆಗಿದೆ ಎನ್ನಿ. ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಿದರೆ ಅಧಿಕಾರಿ ಹಿಡಿಯುವುದು 28,200. ಹೊಸ ಸಂಬಳದ ಆರು ಪೇಸ್ಲಿಪ್ ಸೇರುವುದು ಡಿಸೆಂಬರಿಗೆ. ಅಲ್ಲಿವರೆಗೆ ಕಾಯುವುದೇ ಅಗ್ಗ. ಏಕೆಂದರೆ ಆ 800 ಪೌಂಡ್ ಕೊರತೆಯನ್ನು ಉಳಿತಾಯದಿಂದ ತುಂಬಲು 18,000 ಪೌಂಡ್ ಬೇಕಾಗುತ್ತದೆ. ಗಂಟೆ ಲೆಕ್ಕದಲ್ಲಿ ದುಡಿಯುವವರಿಗೆ ಆರು ತಿಂಗಳ ಸರಾಸರಿ ತೆಗೆದು ವರ್ಷಕ್ಕೆ ಏರಿಸುತ್ತಾರೆ: ಆರು ತಿಂಗಳಲ್ಲಿ ಒಟ್ಟು 14,500 ಪೌಂಡ್ ಆದರೆ ಸರಿಯಾಯಿತು, ಒಂದು ತಿಂಗಳು ಕಡಿಮೆ ಬಂದರೂ ಇನ್ನೊಂದು ತಿಂಗಳು ತುಂಬಿಕೊಡುತ್ತದೆ.

ಕೆಲಸ ಬದಲಿಸಿ ಆರು ತಿಂಗಳಾಗಿಲ್ಲವೇ? ಆಗ ಕ್ಯಾಟಗರಿ ಬಿ. ಈಗಿನ ಸಂಬಳ ವರ್ಷಕ್ಕೆ 29,000 ಮುಟ್ಟಬೇಕು, ಕಳೆದ 12 ತಿಂಗಳಲ್ಲಿ ನಿಜವಾಗಿ ಗಳಿಸಿದ್ದೂ 29,000 ಆಗಿರಬೇಕು. 31,000ದ ಕೆಲಸ ಬಿಟ್ಟು, ಎರಡು ತಿಂಗಳು ಊರಲ್ಲಿ ಮದುವೆ ಓಡಾಟದಲ್ಲಿದ್ದು, ಅಷ್ಟೇ ಸಂಬಳದ ಬೇರೆ ಕೆಲಸ ಹಿಡಿದವರ ಲೆಕ್ಕ ನೋಡಿ. ತಿಂಗಳಿಗೆ 2,583ರಂತೆ ಹತ್ತು ತಿಂಗಳಿಗೆ 25,830 ಮಾತ್ರ. ಈ ಎರಡನೆಯ ಷರತ್ತಿನ ಕೊರತೆಗೆ ಉಳಿತಾಯವೂ ನೆರವಾಗದು. ಹೊಸ ಕೆಲಸದಲ್ಲಿ ಆರು ತಿಂಗಳು ತುಂಬಿಸಿಕೊಂಡು ಎ ದಾರಿಗೆ ಬರುವುದೇ ಸರಿ. ಮದುವೆಗೆ ಸಂಬಳರಹಿತ ದೀರ್ಘ ರಜೆ ಹಾಕುವ ಮುನ್ನವೂ ಈ ಲೆಕ್ಕ ಹಾಕಿಕೊಳ್ಳಿ.

ಸ್ವಂತ ಉದ್ಯೋಗದವರು ಬ್ರಿಟನ್‌ನ ಪೂರ್ಣ ತೆರಿಗೆ ವರ್ಷದ, ಅಂದರೆ ಏಪ್ರಿಲ್ 6ರಿಂದ ಮರು ಏಪ್ರಿಲ್ 5ರವರೆಗಿನ ಲೆಕ್ಕ ಕೊಡಬೇಕು. ಅದಕ್ಕೆ ಉಳಿತಾಯ ಸೇರಿಸಲು ಬರುವುದಿಲ್ಲ.

ಇನ್ನು ಊರಿನ ಆಸ್ತಿಯ ವಿಷಯ. ಅರ್ಜಿದಾರರು ಇಲ್ಲಿ ದುಡಿಯುವ ಸಂಬಳ ಲೆಕ್ಕಕ್ಕಿಲ್ಲ, ಬ್ಯಾಂಕ್ ನೌಕರಿಯಾದರೂ ಸರಿ, ಶಾಲೆಯ ಟೀಚರ್ ಆದರೂ ಸರಿ. ಅಡಿಕೆ ಮಾರಿದ ವಾರ್ಷಿಕ ಹುಟ್ಟುವಳಿಯೂ ಇಲ್ಲ. ಲಾಕರಿನ ಚಿನ್ನ ಚಿನ್ನವಾಗಿರುವವರೆಗೆ ಶೂನ್ಯ, ತೋಟವೂ ಹಾಗೆಯೇ. ಆದರೆ ಪೇಟೆಯಲ್ಲಿ ಅರ್ಜಿದಾರರ ಹೆಸರಿನಲ್ಲಿರುವ ಅಂಗಡಿ ಕೋಣೆಯ ಬಾಡಿಗೆ ನಡೆಯುತ್ತದೆ! ಅಂಗಡಿಯ ಆಧಾರ ಪತ್ರ (ಆಸ್ತಿ ಪತ್ರ), ಬಾಡಿಗೆ ಕರಾರು, 12 ತಿಂಗಳ ಬಾಡಿಗೆ ಬ್ಯಾಂಕಿಗೆ ಬಿದ್ದ ಸ್ಟೇಟ್‌ಮೆಂಟ್ ಮೂರೂ ಇರಬೇಕು. ಕೈಯಲ್ಲಿ ಎಣಿಸಿಕೊಂಡ ಬಾಡಿಗೆಗೆ ಪುರಾವೆ ಎಲ್ಲಿದೆ? ಎಫ್‌ಡಿ ಬಡ್ಡಿಯೂ ಸೇರುತ್ತದೆ.

ಉಳಿತಾಯದ ಸೂತ್ರ ಹೀಗೆ. 29,000ಕ್ಕೆ ಎಷ್ಟು ಕಡಿಮೆಯೋ ಅದನ್ನು ಎರಡೂವರೆಯಿಂದ ಗುಣಿಸಿ 16,000 ಕೂಡಿಸಿ. ಸಂಬಳ 25,000 ಇದ್ದರೆ ಕೊರತೆ 4,000. ಎರಡೂವರೆ ಪಟ್ಟು 10,000. 16,000 ಕೂಡಿದರೆ 26,000 ಪೌಂಡ್. ಆದಾಯವೇ ಇಲ್ಲದಿದ್ದರೆ 88,500. ಈ ಹಣ ಭಾರತದ ಖಾತೆಯಲ್ಲೇ ಇರಬಹುದು, ಬ್ರಿಟನ್ನಿಗೆ ಕಳುಹಿಸಬೇಕೆಂದಿಲ್ಲ. ಬೇಕೆಂದಾಗ ತೆಗೆಯಬಹುದಾದ ಎಫ್‌ಡಿ ಆದರೂ ನಡೆಯುತ್ತದೆ, ದಂಡ ಕಟ್ಟಿ ಮುರಿಯಬೇಕಾದರೂ ಅಡ್ಡಿಯಿಲ್ಲ. ಆರು ತಿಂಗಳ ಉದ್ದಕ್ಕೂ ಅದು ಅರ್ಜಿದಾರರ, ಸ್ಪಾನ್ಸರ್‌ನ ಅಥವಾ ಇಬ್ಬರ ಜಂಟಿ ಹೆಸರಿನಲ್ಲಿರಬೇಕು. ಆ ಅವಧಿಯ ಅತಿ ಕಡಿಮೆ ಬ್ಯಾಲೆನ್ಸ್ ಅನ್ನೇ ಹಿಡಿಯುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಇದು ಮೂರು ಕಡೆ ಸಿಕ್ಕಿಕೊಳ್ಳುತ್ತದೆ. ಮಗಳ ಹೆಸರಿನ ಖಾತೆಗೆ ಅಪ್ಪನ ಹೆಸರೂ ಸೇರಿರುವುದು ಇಲ್ಲಿ ಮಾಮೂಲು. ಅಂಥ ಖಾತೆ ಬೇಡ, ಹೊಸದು ತೆರೆದು ಆರು ತಿಂಗಳು ಎಣಿಸಿ. ಅಪ್ಪ ಕೊಟ್ಟ ಹಣ ಉಡುಗೊರೆಯಾದರೆ ಸರಿ, ಸಾಲವಾದರೆ ಅಲ್ಲ. ಹಿಂತಿರುಗಿಸಬೇಕಿಲ್ಲ ಎಂಬ ಪತ್ರ ಬರೆಸಿಡಿ. ಎರಡನೆಯದು ಪಂಚಾಯತಿಗೊಂದರಂತೆ ಇರುವ ಸರ್ವಿಸ್ ಸಹಕಾರಿ ಬ್ಯಾಂಕ್. ಇವು ಬಹುಪಾಲು ಪ್ರಾಥಮಿಕ ಸಹಕಾರಿ ಸಂಘಗಳು, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇರುವುದಿಲ್ಲ. ಖಾತೆ ಅಧಿಕೃತ ನಿಯಂತ್ರಣದ ಹಣಕಾಸು ಸಂಸ್ಥೆಯಲ್ಲಿರಬೇಕೆಂದು ವೀಸಾ ನಿಯಮ ಹೇಳುವುದರಿಂದ, ಠೇವಣಿಯನ್ನು ಮೊದಲೇ ವಾಣಿಜ್ಯ ಬ್ಯಾಂಕಿಗೆ ಸರಿಸುವುದು ಕ್ಷೇಮ. ಮೂರನೆಯದು ವಿನಿಮಯ ದರ. ಅರ್ಜಿಯ ದಿನದ ದರದಲ್ಲಿ ರೂಪಾಯಿಯನ್ನು ಪೌಂಡಿಗೆ ಪರಿವರ್ತಿಸುತ್ತಾರೆ. ಪೌಂಡಿಗೆ 110 ರೂಪಾಯಿ ಎಂದುಕೊಂಡರೆ 26,000 ಪೌಂಡ್ ಎಂದರೆ 28.6 ಲಕ್ಷ, 115 ಆದರೆ 29.9 ಲಕ್ಷ. ಸರಿಸಮ ಇಟ್ಟವರು ಒಂದೇ ವಾರದಲ್ಲಿ ಕೆಳಗಿಳಿದಾರು. ಹತ್ತು ಶೇಕಡ ಹೆಚ್ಚೇ ಇಡಿ.

ಕಾಗದ ಜೋಡಿಸುವಾಗ ಪೇಸ್ಲಿಪ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಅಕ್ಕಪಕ್ಕ ಇಟ್ಟು ಪೆನ್ಸಿಲ್ ಹಿಡಿದು ಕೂರಿ. ಪೇಸ್ಲಿಪ್ಪಿನ ಕೆಳಗಿನ ನೆಟ್ ಪೇ 2,050 ಎನ್ನುತ್ತದೆ, ಖಾತೆಗೆ ಬಿದ್ದದ್ದು 1,900. ಉಳಿದ 150 ಇನ್ನೊಂದು ಖಾತೆಗೆ ಹೋಗುತ್ತಿದ್ದರೆ ಆ ಖಾತೆಯ ಸ್ಟೇಟ್‌ಮೆಂಟೂ ಬೇಕು. ಪ್ರಯಾಣದ ಖರ್ಚು ಸೇರಿ ಹೆಚ್ಚು ಬಿದ್ದಿದ್ದರೆ ಕಂಪನಿಯಿಂದ ಒಂದು ಸಾಲು ಬರೆಸಿಕೊಳ್ಳಿ. ಆರೂ ತಿಂಗಳ ಸಾಲುಗಳನ್ನು ಹೀಗೆ ಗುರುತು ಹಾಕುತ್ತಾ ಹೋಗಿ. ಕಂಪನಿಯ ಪತ್ರದಲ್ಲಿ ಕೆಲಸ, ವಾರ್ಷಿಕ ಸಂಬಳ, ಎಂದಿನಿಂದ ಕೆಲಸ, ಈ ಸಂಬಳ ಎಂದಿನಿಂದ, ಕಾಯಂ ಅಥವಾ ಗುತ್ತಿಗೆ ಎಂಬುದೆಲ್ಲ ಇರಲಿ. ‘ಈ ಸಂಬಳ ಎಂದಿನಿಂದ’ ಎಂಬುದನ್ನೇ ಎಚ್‌ಆರ್‌ನವರು ಮರೆಯುವುದು. ಆನ್‌ಲೈನ್ ಅರ್ಜಿಗೆ ಶುಲ್ಕ ಕಟ್ಟುವ ದಿನವೇ ಅರ್ಜಿಯ ದಿನ. ಕೊನೆಯ ಪೇಸ್ಲಿಪ್, ಸ್ಟೇಟ್‌ಮೆಂಟ್ ಅದಕ್ಕೆ 28 ದಿನಕ್ಕಿಂತ ಹಳೆಯದಾಗಿರಬಾರದು. ಬೆರಳಚ್ಚಿನ ಅಪಾಯಿಂಟ್‌ಮೆಂಟಿನ ದಿನದಿಂದ ಎಣಿಸಬೇಡಿ.

ಶುಲ್ಕದ ಜೊತೆ ಆರೋಗ್ಯ ಸರ್ಚಾರ್ಜ್ ವರ್ಷಕ್ಕೆ 1,035 ಪೌಂಡ್ ಇದೆ. ಇದನ್ನು ಉಳಿತಾಯದ ಖಾತೆಯಿಂದ ಕಟ್ಟಿ ಬ್ಯಾಲೆನ್ಸ್ ಇಳಿಸಿಕೊಳ್ಳಬೇಡಿ. ಎ1 ಎಂಬ ಆರಂಭಿಕ ಮಟ್ಟದ ಇಂಗ್ಲಿಷ್ ಪರೀಕ್ಷೆ, ಟಿಬಿ ಪ್ರಮಾಣಪತ್ರ ಬೇರೆ. ಟಿಬಿ ಪ್ರಮಾಣಪತ್ರಕ್ಕೆ ಆರು ತಿಂಗಳ ಆಯುಸ್ಸು, ಸಂಬಳದ ಆರು ತಿಂಗಳು ತುಂಬುವ ಹೊತ್ತಿಗೆ ಮಾಡಿಸಿದರೆ ಸಾಕು. ಮಲಯಾಳ ಅಥವಾ ಕನ್ನಡದಲ್ಲಿ ಮಾತ್ರ ಇರುವ ದಾಖಲೆಗೆ ಅನುವಾದಕರ ಹೆಸರು, ಸಹಿ, ದಿನಾಂಕ ಇರುವ ಇಂಗ್ಲಿಷ್ ಅನುವಾದ ಇರಲಿ. ಮಲಯಾಳದಿಂದ ಇಂಗ್ಲಿಷಿಗೆ ಬರುವಾಗ ಮನೆತನದ ಹೆಸರು, ಇನಿಶಿಯಲ್ ಪಾಸ್‌ಪೋರ್ಟಿಗಿಂತ ಬೇರೆಯಾಗುವುದುಂಟು, ಒಂದೊಂದೇ ಅಕ್ಷರ ತಾಳೆ ನೋಡಿ.

ತಿರಸ್ಕೃತವಾದರೆ ಹೊರದೇಶದಿಂದ ಮೇಲ್ಮನವಿಗೆ 28 ದಿನ. ಕಾರಣ ಬರೀ ಕಾಗದದ ಕೊರತೆಯಾಗಿದ್ದರೆ ಕಾಗದ ಸರಿಪಡಿಸಿ ಹೊಸ ಅರ್ಜಿ ಹಾಕುವುದು ಬೇಗ, ಶುಲ್ಕ ಇನ್ನೊಮ್ಮೆ ಹೋಗುತ್ತದೆ ಅಷ್ಟೇ. ಅಧಿಕಾರಿಯೇ ಲೆಕ್ಕ ತಪ್ಪಿದ್ದಾನೆ ಎಂದು ಪೇಸ್ಲಿಪ್ ಹಿಡಿದು ತೋರಿಸಬಲ್ಲಿರಾದರೆ ಮಾತ್ರ ಮೇಲ್ಮನವಿ.