ಎರಡನೇ ಸುತ್ತಿನ ಕೆಲಸ: ಧರ್ಮಕೇಂದ್ರದಲ್ಲಿ ದೈವಕರೆ ಆಲಿಸುವ ಬಗೆ

ಯಾವ ಸೇವೆಗೆ ದೇವರು ಯಾರನ್ನು ಕರೆಯುತ್ತಿದ್ದಾರೆ ಎಂದು ಒಂದು ಧರ್ಮಕೇಂದ್ರದ, ಅಂದರೆ ಊರ ಕಥೋಲಿಕ ಚರ್ಚಿನ ಜನ ಒಟ್ಟಿಗೆ ಕೂತು, ಮೂರು ಸುತ್ತಿನಲ್ಲಿ ಒಬ್ಬರ ಮಾತು ಒಬ್ಬರು ಆಲಿಸಿ ತಿಳಿಯುವುದೇ ಆಲಿಸುವ ಕೂಟ. ಹಾಗೆ ತಿಳಿಯುವುದನ್ನು ವಿವೇಚನೆ ಎನ್ನುತ್ತೇವೆ. ಮೊದಲು ಪ್ರಶ್ನೆ ಬರೆಯಬೇಕು. ಒಂದೇ ಸಾಲು, ಕರಿಹಲಗೆಯ ಮೇಲೆ, ಹಿಂದೆ ಕೂತವರಿಗೂ ಕಾಣುವಂತೆ. ಬಳ್ಳಾರಿ ಧರ್ಮಕ್ಷೇತ್ರದ (ಬಳ್ಳಾರಿ ಬಿಷಪ್ಪರ ವ್ಯಾಪ್ತಿಯ) ಹಳ್ಳಿಗಳಲ್ಲಿ ನಾವು ನಡೆಸುವ ಆಲಿಸುವ ಕೂಟಗಳು ಕೆಡುವುದು ಹೆಚ್ಚಾಗಿ ಇಲ್ಲೇ, ಪ್ರಾರ್ಥನೆ ಸಾಲದೆ ಅಲ್ಲ. “ಯುವಕರು ಯಾಕೆ ಚರ್ಚಿಗೆ ಬರ್ತಿಲ್ಲ?” ಎಂದು ಬರೆದರೆ ಜನ ಒಂದೂವರೆ ತಾಸು ಮೊಬೈಲನ್ನು ಬೈದು ಎದ್ದು ಹೋಗುತ್ತಾರೆ. “ಈಗಿರುವ ಉಪದೇಶಿಯನ್ನು (ಧರ್ಮಪಾಠ ಹೇಳಿಕೊಡುವವರನ್ನು) ಬದಲಿಸಬೇಕಾ?” ಎಂದರೆ ಕೂಟ ಪಂಚಾಯ್ತಿ ಕಟ್ಟೆಯಾಗುತ್ತದೆ. ಯಾವ ಕೆಲಸ, ಯಾರಿಗಾಗಿ, ಎಷ್ಟು ದಿನ ಎಂಬುದು ಪ್ರಶ್ನೆಯಲ್ಲೇ ಇರಬೇಕು: “ಗುಳೆ ಹೋಗಿ ಬರುವ ಮನೆಗಳ ಮಕ್ಕಳಿಗೆ ಈ ವರ್ಷ ಧರ್ಮೋಪದೇಶ ಹೇಳಿಕೊಡಲು ದೇವರು ನಮ್ಮಲ್ಲಿ ಯಾರನ್ನು ಕರೆಯುತ್ತಿದ್ದಾರೆ?”

ಎಲ್ಲವೂ ವಿವೇಚನೆಯ ವಿಷಯವಲ್ಲ. ಎರಡು ಒಳ್ಳೆಯದರ ನಡುವೆ ಯಾವುದು ಎಂದು ಕೇಳುವುದು ವಿವೇಚನೆ. ಕಾಣಿಕೆಯ ಲೆಕ್ಕ ಜನರ ಮುಂದಿಡಬೇಕೋ ಬೇಡವೋ ಎಂದು ಪವಿತ್ರಾತ್ಮರನ್ನು ಕೇಳುತ್ತ ಕೂರಬಾರದು, ಇಟ್ಟುಬಿಡಬೇಕು.

ಹೊತ್ತು ನೋಡಿಕೊಳ್ಳಬೇಕು. ಭಾನುವಾರ ಚರ್ಚಿನ ಬಲಿಪೂಜೆ (ಮಾಸ್) ಮುಗಿದ ಕೂಡಲೇ ಇಟ್ಟರೆ ಹೊಟ್ಟೆ ಹಸಿದಿರುತ್ತದೆ, ಬಸ್ಸು ತಪ್ಪುವ ಚಿಂತೆ ಬೇರೆ. ಸಂಜೆ ಏಳಕ್ಕೆ ಇಟ್ಟರೆ ಅದು ರೊಟ್ಟಿ ಬಡಿಯುವ ಹೊತ್ತು, ಹೆಣ್ಣುಮಕ್ಕಳು ಬರುವುದಿಲ್ಲ. ಗಂಡಸರಷ್ಟೇ ಕೂತು ಮಾಡಿದ ವಿವೇಚನೆಯನ್ನು ನಾನು ನಂಬುವುದಿಲ್ಲ. ಭಾನುವಾರ ಮಧ್ಯಾಹ್ನ ಮೂರೂವರೆ ನಮಗೆ ಹೊಂದಿದೆ. ಗಂಗಾವತಿ, ಸಿಂಧನೂರು ಕಡೆ ತುಂಗಭದ್ರಾ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ನಡೆಯುವಾಗ, ಒಣಬೇಸಾಯದ ಊರುಗಳಲ್ಲಿ ಹತ್ತಿ ಬಿಡಿಸುವಾಗ ಕೂಟ ಕರೆಯಲೇಬಾರದು. ಗುಳೆಯ ಮನೆಗಳ ಬಗ್ಗೆಯೇ ಪ್ರಶ್ನೆ ಇದ್ದರೆ ಅವರು ಗಂಟುಮೂಟೆ ಕಟ್ಟುವ ಮೊದಲೇ ಕೂರಬೇಕು. ಅವರಿಲ್ಲದಾಗ ಅವರ ಬಗ್ಗೆ ತೀರ್ಮಾನ ಮಾಡಿದರೆ ಎಂಥ ಪ್ರಾರ್ಥನೆಯಿಂದ ಶುರುಮಾಡಿದ್ದರೂ ಅದು ಕುಂಟುತ್ತದೆ.

ಒಂದು ವೃತ್ತಕ್ಕೆ ಆರರಿಂದ ಎಂಟು ಜನ. ಹತ್ತು ದಾಟಿದರೆ ಎರಡು ವೃತ್ತ. ಕುರ್ಚಿ ಸಾಲದಿದ್ದರೆ ಎಲ್ಲರೂ ಜಮಖಾನೆಯ ಮೇಲೆ; ಕೆಲವರಿಗೆ ಕುರ್ಚಿ, ಉಳಿದವರಿಗೆ ನೆಲ ಎಂದಾದರೆ ಕುರ್ಚಿಯವರ ಮಾತೇ ಗೆಲ್ಲುತ್ತದೆ. ಒಂದೇ ಓಣಿಯವರು, ಒಂದೇ ಮನೆತನದವರು ಒಟ್ಟಿಗೆ ಕೂರದಂತೆ ಚೀಟಿ ಹಂಚಿ ಬೆರೆಸುತ್ತೇವೆ. ಬಳ್ಳಾರಿ ಸುತ್ತ ತೆಲುಗು, ತಮಿಳು ಮನೆಮಾತಿನವರೂ ಇರುತ್ತಾರೆ. ಅವರು ತಮ್ಮ ಮಾತಿನಲ್ಲೇ ಹೇಳಲಿ, ಪಕ್ಕದವರು ಕನ್ನಡದಲ್ಲಿ ತಿಳಿಸಲಿ. ಬಾರದ ಭಾಷೆಯಲ್ಲಿ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಫಾದರ್ ಎಲ್ಲಿ ಕೂರಬೇಕು ಅನ್ನುವುದೇ ಒಂದು ತಲೆನೋವು. ಅವರು ವೃತ್ತದಲ್ಲಿದ್ದರೆ ಮಾತಾಡುವವರು ನಡುನಡುವೆ ಅವರ ಮುಖ ನೋಡುತ್ತಾರೆ, ಹುಬ್ಬು ಏರಿತೋ ಇಳಿಯಿತೋ ಎಂದು. ಹಾಗಾಗಿ ಮೊದಲೆರಡು ಸುತ್ತಿಗೆ ಅವರು ದೇವಾಲಯದಲ್ಲಿ ಪ್ರಾರ್ಥಿಸುತ್ತ ಕೂರುತ್ತಾರೆ, ಮೂರನೇ ಸುತ್ತಿಗೆ ಬಂದು ಕೊನೆಗೆ ಮಾತಾಡುತ್ತಾರೆ. ಇನ್ನೊಂದನ್ನು ಶುರುವಿನಲ್ಲೇ ಹೇಳಿಬಿಡುತ್ತೇವೆ: ಧರ್ಮಸಭೆಯ ಕಾನೂನಿನ 536ನೇ ವಿಧಿಯಂತೆ ಊರ ಚರ್ಚಿನ ಜನರಿರುವ ಪಾಲನಾ ಸಮಿತಿಯದು ಸಲಹೆ ಮಾತ್ರ, ನಿರ್ಧಾರ ಗುರುಗಳದು, ಅಂದರೆ ಫಾದರ್ ಅವರದು. ಇದನ್ನು ಮುಚ್ಚಿಟ್ಟು ಕೂಟ ನಡೆಸಿದರೆ ಕೊನೆಗೆ “ನಮ್ಮನ್ನ ಸುಮ್ನ ಕರದ್ರು” ಎಂಬ ಮಾತು ಬಂದೇ ಬರುತ್ತದೆ.

ಮೂರು ಸುತ್ತಿನ ಈ ಕ್ರಮ ನಾವು ಕಟ್ಟಿದ್ದಲ್ಲ. 2023 ಮತ್ತು 2024ರ ಅಕ್ಟೋಬರಿನಲ್ಲಿ ರೋಮಿನಲ್ಲಿ ನಡೆದ ಸಿನೋಡಿನಲ್ಲಿ (ಕಥೋಲಿಕ ಧರ್ಮಸಭೆಯ ಮಹಾಸಭೆಯಲ್ಲಿ) ಧರ್ಮಾಧ್ಯಕ್ಷರು (ಬಿಷಪ್ಪರು), ಸಿಸ್ಟರುಗಳು, ಶ್ರೀಸಾಮಾನ್ಯರು ದುಂಡುಮೇಜಿನ ಸುತ್ತ ಕೂತು ಮಾಡಿದ್ದೂ ಇದನ್ನೇ. ಅದನ್ನು ಜಮಖಾನೆಗೆ ಇಳಿಸಿಕೊಂಡಿದ್ದೇವೆ ಅಷ್ಟೇ. ಬೈಬಲ್ಲಿನ ಶುಭಸಂದೇಶದ (ಯೇಸುವಿನ ಬದುಕು ಹೇಳುವ ಗ್ರಂಥದ) ಭಾಗವೊಂದನ್ನು ನಿಧಾನವಾಗಿ ಎರಡು ಸಲ ಓದಿ ಮೌನ, ಎಲ್ಲ ಸೇರಿ ಹತ್ತು ನಿಮಿಷ. ಮೊದಲ ಸುತ್ತಿನಲ್ಲಿ ಒಬ್ಬೊಬ್ಬರಿಗೆ ಮೂರು ನಿಮಿಷ, ಪ್ರಶ್ನೆಗೆ ತಮಗೆ ತೋಚಿದ್ದು ಹೇಳುವುದು. ಮೂರು ನಿಮಿಷ ಮೌನ. ಎರಡನೇ ಸುತ್ತಿನಲ್ಲಿ ತಲಾ ಎರಡು ನಿಮಿಷ. ಮತ್ತೆ ಮೂರು ನಿಮಿಷ ಮೌನ. ಮೂರನೆಯದು ಬಿಚ್ಚು ಮಾತುಕತೆ, ಇಪ್ಪತ್ತೈದು ನಿಮಿಷ. ಕೊನೆಗೆ ಐದು ನಿಮಿಷ ಪ್ರಾರ್ಥನೆ. ಏಳು ಜನರಿದ್ದರೆ ಒಟ್ಟು ಎಂಬತ್ತು ನಿಮಿಷದ ಆಸುಪಾಸು. ಹೊತ್ತು ನೋಡಲು ಒಬ್ಬರು, ಬರೆದುಕೊಳ್ಳಲು ಒಬ್ಬರು. ಮೊಬೈಲುಗಳು ಬಾಗಿಲ ಬಳಿಯ ಬುಟ್ಟಿಯಲ್ಲಿ.

ಮೌನ ಹೊಸಬರಿಗೆ ಕಷ್ಟ. ಮೊದಲ ನಿಮಿಷ ಕೆಮ್ಮು, ಸೆರಗು ಸರಿಪಡಿಸುವುದು, ಗಡಿಯಾರ ನೋಡುವುದು. ಎರಡನೇ ನಿಮಿಷಕ್ಕೆ ಹಿರಿಯರೊಬ್ಬರು “ಒಂದು ಹಾಡು ಹೇಳೋಣೇನ್ರಿ?” ಅನ್ನುತ್ತಾರೆ. ಆಗ ನಡೆಸುವವರು ಬೇಡವೆಂದು ಕೈಸನ್ನೆ ಮಾಡಬೇಕು, ಬಾಯಿ ತೆರೆಯಬಾರದು. ಮನಸ್ಸು ವೃತ್ತದಲ್ಲಿ ಬೇರೆಯವರು ಆಡಿದ ಮಾತಿಗೆ ಮರಳುವುದು ಮೂರನೇ ನಿಮಿಷದಲ್ಲಿ. ಒಂದೇ ನಿಮಿಷಕ್ಕೆ ಇಳಿಸಿದರೆ ಅದು ಬರೀ ವಿರಾಮ.

ಕೂಟದ ಜೀವ ಇರುವುದು ಎರಡನೇ ಸುತ್ತಿನಲ್ಲಿ. ಇಲ್ಲಿ ಯಾರೂ ತಮ್ಮ ಮಾತು ಹೇಳಬಾರದು. ಮೊದಲ ಸುತ್ತಿನಲ್ಲಿ ಬೇರೆಯವರು ಹೇಳಿದ್ದರಲ್ಲಿ ಯಾವುದು ಒಳಗೆ ತಟ್ಟಿತು, ಯಾವುದು ಚುಚ್ಚಿತು, ಅದನ್ನಷ್ಟೇ ಹೇಳಬೇಕು. ಬಹಳ ಜನ ತಮ್ಮ ಹಳೇ ಮಾತನ್ನೇ ಇನ್ನೂ ಜೋರಾಗಿ ಹೇಳಲು ಶುರುಮಾಡುತ್ತಾರೆ. ತಡೆಯಲೇಬೇಕು, ಆದರೆ ಮರ್ಯಾದೆಯಿಂದ: “ಅದು ನಿಮ್ಮ ಮಾತಾತ್ರಿ. ಅವರ ಮಾತಿನಾಗ ಯಾವುದು ತಟ್ಟಿತು, ಅದನ್ನ ಹೇಳ್ರಿ.” ಏನೂ ತಟ್ಟಲಿಲ್ಲ ಅಂದರೂ ಸರಿ, ಬರೆದುಕೊಳ್ಳಬೇಕು. ಮೊದಲ ಸುತ್ತಿನಲ್ಲಿ ಬರುವ ಹೆಸರುಗಳು ಸಾಮಾನ್ಯವಾಗಿ ಗೊತ್ತಿರುವವೇ: ಮೈಕು ಹಿಡಿಯುವವರು, ಸಮಿತಿಯವರು. ಅದೇ ಸುತ್ತಿನಲ್ಲಿ ಯಾರೋ ಬೇರೆ ಮಾತಿನ ನಡುವೆ, ಹೊಲದ ಬದುವಿನ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಜಪ ಕಲಿಸುವ ಹೆಣ್ಣುಮಗಳೊಬ್ಬಳ ವಿಷಯ ಹೇಳಿ ಮುಗಿಸಿರುತ್ತಾರೆ. ಎರಡನೇ ಸುತ್ತಿನಲ್ಲಿ ಮೂವರು ಅದೇ ಮಾತನ್ನು ಎತ್ತಿಕೊಂಡರೆ ಅಲ್ಲಿ ನಿಲ್ಲಬೇಕು.

ನಿಲ್ಲಬೇಕು ಅಂದೆ, ಘೋಷಿಸಬೇಕು ಅನ್ನಲಿಲ್ಲ. ಮುಂದಿನ ಭಾನುವಾರ ಬಲಿಪೂಜೆಯಲ್ಲಿ ಹೆಸರು ಓದಿ ಚಪ್ಪಾಳೆ ಹೊಡೆಸಿದರೆ ಆಕೆ ಇಲ್ಲ ಎನ್ನುವ ದಾರಿಯೇ ಮುಚ್ಚಿಹೋಗುತ್ತದೆ. ಇಬ್ಬರು ಮನೆಗೆ ಹೋಗಿ ಕೇಳುತ್ತಾರೆ, ಮೂರು ವಾರ ಬಿಟ್ಟು ಉತ್ತರಕ್ಕೆ ಹೋಗುತ್ತಾರೆ. ಬೈಬಲ್ಲಿನ ಸಮುವೇಲನ ಮೊದಲ ಗ್ರಂಥದ ಮೂರನೇ ಅಧ್ಯಾಯದಲ್ಲಿ ಯಾಜಕ ಏಲಿ ಮಾಡಿದ್ದೂ ಇಷ್ಟೇ. ರಾತ್ರಿ ಯಾರೋ ಹೆಸರು ಹಿಡಿದು ಕರೆದದ್ದು ಕೇಳಿ ಹುಡುಗ ಸಮುವೇಲ ಪ್ರತಿ ಸಲ ಏಲಿಯ ಬಳಿ ಓಡಿದ. ಹುಡುಗ ಮೂರನೇ ಸಲ ಎದ್ದು ಬಂದಾಗ, ಕರೆಯುತ್ತಿರುವವರು ದೇವರೆಂದು ಆತನಿಗೆ ಹೊಳೆಯಿತು. ಆದರೂ ಕರೆಯ ಅರ್ಥ ಹೇಳಲಿಲ್ಲ. ಮತ್ತೆ ಕರೆದರೆ ಹೀಗೆ ಉತ್ತರಿಸು ಎಂದು ಹೇಳಿಕೊಟ್ಟು ಮಲಗಲು ಕಳಿಸಿದ. ಜೊತೆಗಿರುವವರ ಕೆಲಸ ಅಷ್ಟಕ್ಕೇ ನಿಲ್ಲಬೇಕು.

ಆ ಮೂರು ವಾರ ಆಕೆ ಏನು ಮಾಡಬೇಕು? ನಮ್ಮ ಹಿರಿಯರು ಇನ್ನಾಸಪ್ಪ ಎಂದು ಕರೆಯುವ ಜೆಸ್ವಿಟ್ ಸಭೆ ಕಟ್ಟಿದ ಲೊಯೋಲಾದ ಸಂತ ಇಗ್ನೇಷಿಯಸರ ಗುಟ್ಟು ಇಲ್ಲಿ ಬೇಕಾಗುತ್ತದೆ. 1521ರಲ್ಲಿ ಸ್ಪೇನಿನ ಪಾಂಪ್ಲೋನಾದ ಕದನದಲ್ಲಿ ಕಾಲಿಗೆ ಗುಂಡು ಬಿದ್ದು ಮನೆಯಲ್ಲಿ ಮಲಗಿದ್ದಾಗ ಅವರು ಒಂದು ಗಮನಿಸಿದರು: ಘನ ಮನೆತನದ ಹೆಣ್ಣೊಬ್ಬಳ ಸೇವೆಯ, ಪರಾಕ್ರಮದ ಕನಸು ಕಾಣುವಾಗ ಖುಷಿ, ಆಮೇಲೆ ಮನಸ್ಸು ಒಣಒಣ. ಸಂತರಂತೆ ಬದುಕುವ ಕನಸು ಮುಗಿದ ಮೇಲೂ ಹಿತ ಉಳಿಯುತ್ತಿತ್ತು. ನೋಡಬೇಕಾದ್ದು ಈ ಉಳಿಯುವ ರುಚಿಯನ್ನು. ದಿನಾ ರಾತ್ರಿ ಹತ್ತು ನಿಮಿಷ ದಿನವನ್ನು ಹಿಂದಿರುಗಿ ನೋಡಿ, ಆ ಕೆಲಸದ ನೆನಪು ಬಂದಾಗ ಹಿತ ಉಳಿದಿದ್ದರೆ ಕ್ಯಾಲೆಂಡರಿನ ತಾರೀಖಿಗೆ ಸೊನ್ನೆ, ಕಿರಿಕಿರಿ ಉಳಿದಿದ್ದರೆ ಗೀಟು. ಓದುಬರಹ ಬಾರದವರಿಗೂ ಇದು ಸಾಗುತ್ತದೆ. ಧ್ಯಾನಕೂಟ ಮುಗಿಸಿ ಬಂದ ವಾರ ಎಲ್ಲವೂ ಸೊನ್ನೆಯೇ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂರನೇ ವಾರದ ಗುರುತುಗಳೇ ನಿಜ ಹೇಳುತ್ತವೆ.

ಮನಸ್ಸು ಬತ್ತಿದ ಹೊತ್ತಿನಲ್ಲಿ ಮೊದಲಿನ ನಿರ್ಧಾರ ಬದಲಿಸಬೇಡ ಅನ್ನುವುದು ವಿವೇಚನೆಗೆ ಇಗ್ನೇಷಿಯಸರು ಬರೆದ ನಿಯಮಗಳಲ್ಲಿ ಐದನೆಯದು. ಮೇ ತಿಂಗಳ ಬಿಸಿಲಿಗೆ, ಸಾಲದ ಕಂತಿನ ಒತ್ತಡಕ್ಕೆ ಉಪದೇಶಿಗಳು “ಸಾಕಾತ್ರಿ, ಬಿಡ್ತೀನಿ” ಎಂದು ಬರೆದುಕೊಟ್ಟರೆ ಆ ಚೀಟಿಯನ್ನು ಒಂದು ತಿಂಗಳು ಹಾಗೇ ಇಟ್ಟಿರುತ್ತೇವೆ. ಆದರೆ ಸಂಬಳ ಬಾಕಿ ಇದ್ದರೆ ಮೊದಲು ಸಂಬಳ ಕೊಡಬೇಕು. ಅದನ್ನು ಆತ್ಮಶುಷ್ಕತೆ ಎಂದು ಕರೆಯುವುದು ಅನ್ಯಾಯ.

ಹುಡುಗರ ಗುರುಪಟ್ಟದ, ಅಂದರೆ ಫಾದರ್ ಆಗುವ ಮಾತು ಬೇರೆಯೇ. ಹತ್ತನೇ ತರಗತಿಯ ಫಲಿತಾಂಶ ಬಂದ ವಾರ ಹೆತ್ತವರು ಬರುತ್ತಾರೆ. ಕೆಲವರ ಹಿಂದೆ ಹರಕೆ ಇರುತ್ತದೆ: “ಇವನು ಹುಟ್ಟಿದಾಗಲೇ ದೇವರಿಗೆ ಕೊಟ್ಟೀನ್ರಿ.” ಕೆಲವರಿಗೆ ಬೇಕಾಗಿರುವುದು ಓದಿಗೊಂದು ಆಸರೆ, ಅದಕ್ಕೆ ಹಾಸ್ಟೆಲ್ ಹುಡುಕಿಕೊಡಬೇಕು, ಫಾದರ್ ಆಗುವವರು ಓದುವ ಗುರುಮಠವನ್ನಲ್ಲ. ತಾಯಿಯ ಹರಕೆ ತಾಯಿಯದು. ಪಟ್ಟಕ್ಕೆ ಯಾರನ್ನೂ ಬಲವಂತಪಡಿಸಕೂಡದು ಎಂದು ಧರ್ಮಸಭೆಯ ಕಾನೂನಿನ 1026ನೇ ವಿಧಿ ಹೇಳುತ್ತದೆ. ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳುವುದು ಒಂದೇ: ಅಮ್ಮನಿಗೆ ಗೊತ್ತೇ ಆಗುವುದಿಲ್ಲ ಅಂದರೆ ನೀನು ಏನು ಮಾಡುತ್ತೀ? ತಕ್ಷಣ ಬರುವ ಉತ್ತರ ಬೇಡ. ಪುನರುತ್ಥಾನ (ಈಸ್ಟರ್) ಕಾಲದ ನಾಲ್ಕನೇ ಭಾನುವಾರ, ದೈವಕರೆಗಾಗಿ 1964ರಿಂದ ಪ್ರಾರ್ಥಿಸುತ್ತ ಬಂದಿರುವ ದಿನ, ಎಲ್ಲ ಮಕ್ಕಳನ್ನು ವೇದಿಕೆಗೆ ಕರೆದು “ಯಾರ್ ಯಾರು ಫಾದರ್ ಆಗ್ತೀರಿ?” ಎಂದು ಕೈ ಎತ್ತಿಸುವುದನ್ನು ನಾವು ಬಿಟ್ಟಿದ್ದೇವೆ. ಎತ್ತಿದ ಕೈ ಇಳಿಸುವುದಕ್ಕೆ ಹುಡುಗರಿಗೆ ವರ್ಷಗಟ್ಟಲೆ ನಾಚಿಕೆ.

ಬರೆದುಕೊಂಡ ಪುಸ್ತಕದಲ್ಲಿ ಯಾರು ಏನೆಂದರು ಎಂದು ಇರಬಾರದು. ಒಮ್ಮತವಾದದ್ದು, ಒಮ್ಮತವಾಗದ್ದು, ಹೊಸದಾಗಿ ಎದ್ದ ಪ್ರಶ್ನೆ, ಇಷ್ಟೇ. ಅದು ಗುರುಗಳ ಬೀರುವಿನಲ್ಲಿ ಅಲ್ಲ, ಪಾಲನಾ ಸಮಿತಿಯ ಕಾರ್ಯದರ್ಶಿಯ ಕೈಯಲ್ಲಿರಬೇಕು. ಫಾದರ್‌ಗೆ ವರ್ಗವಾದಾಗ ಪೆಟ್ಟಿಗೆಯ ಜೊತೆ ಪುಸ್ತಕವೂ ಹೋದರೆ, ಹೊಸಬರು ಬಂದ ಮೇಲೆ ಮತ್ತೆ “ಯುವಕರು ಯಾಕೆ ಬರ್ತಿಲ್ಲ”ದಿಂದಲೇ ಶುರು.