ಕೀಲಿ, ವಾಲ್ವು ಮತ್ತು ನೆಲಮಾಳಿಗೆ: ಒಂದು ವಾಣಿಜ್ಯ ಕಟ್ಟಡವನ್ನು ನೀರಿನಿಂದ ಕಾಯ್ದ ನನ್ನ ಅನುಭವ

ಹುಬ್ಬಳ್ಳಿಯ ದುರ್ಗದ ಬೈಲಿನಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಒಂದು ವಾಣಿಜ್ಯ ಸಂಕೀರ್ಣದ ಉಸ್ತುವಾರಿಯನ್ನು ನಾನು ಹದಿನಾಲ್ಕು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ನೆಲಮಾಳಿಗೆಯಲ್ಲಿ ಬಟ್ಟೆ ವ್ಯಾಪಾರಿಗಳ ಒಂಬತ್ತು ಗೋದಾಮುಗಳಿವೆ. ಅದರ ಮೇಲೆ ಅಂಗಡಿಗಳು, ಇನ್ನೂ ಮೇಲೆ ಕಚೇರಿಗಳು ಮತ್ತು ಒಂದು ರಕ್ತಪರೀಕ್ಷೆಯ ಪ್ರಯೋಗಾಲಯ. ಕಟ್ಟಡದಲ್ಲಿ ನೀರಿನಿಂದ ಆದ ಪ್ರತಿಯೊಂದು ಹಾನಿಯನ್ನೂ ತಾರೀಖು ಹಾಕಿ ಒಂದು ವಹಿಯಲ್ಲಿ ಬರೆದಿಡುತ್ತ ಬಂದಿದ್ದೇನೆ. ಅದನ್ನು ತಿರುವಿ ಹಾಕಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ: ಬಂದ ನೀರಿನ ಪ್ರಮಾಣಕ್ಕಿಂತ, ಅದು ಯಾರ ಕಣ್ಣಿಗೂ ಬೀಳದೆ ಹರಿದ ಮತ್ತು ನಿಂತ ಗಂಟೆಗಳೇ ನಮ್ಮನ್ನು ಹೆಚ್ಚು ನಷ್ಟಕ್ಕೆ ಗುರಿಮಾಡಿವೆ.

ನಾವು ಅನುಭವಿಸಿದ ಅತಿ ದೊಡ್ಡ ನಷ್ಟಕ್ಕೂ ಮಳೆಗೂ ಸಂಬಂಧವಿರಲಿಲ್ಲ. ಅದು 2017ರ ಮೇ ತಿಂಗಳ ಒಂದು ಶನಿವಾರದ ರಾತ್ರಿ. ಸವದತ್ತಿಯ ನವಿಲುತೀರ್ಥದಿಂದ ನಗರಕ್ಕೆ ಬರುವ ಮಲಪ್ರಭೆಯ ನೀರು ನಮ್ಮ ಭಾಗಕ್ಕೆ ಆಗ ಹಲವು ದಿನಗಳಿಗೊಮ್ಮೆ, ಅದೂ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿತ್ತು. ಬಂದ ನೀರು ತಪ್ಪಿಹೋಗಬಾರದೆಂದು ನಳದ ಮುಖ್ಯ ವಾಲ್ವನ್ನು ಸದಾ ತೆರೆದಿಡುವುದು ಈ ಊರಿನ ರೂಢಿ. ನಾವೂ ಹಾಗೆಯೇ ಮಾಡಿದ್ದೆವು. ಆ ರಾತ್ರಿ, ಸಂಪು ತುಂಬಿದಾಗ ನೀರನ್ನು ತಾನಾಗಿಯೇ ನಿಲ್ಲಿಸುವ ಬಾಲ್‌ಕಾಕಿನ ಸರಳು ತುಕ್ಕು ಹಿಡಿದು ತುಂಡಾಗಿತ್ತು. ಸಂಪು ತುಂಬಿತು, ಮುಚ್ಚಳದ ಸಂದಿಯಿಂದ ನೀರು ಉಕ್ಕಿತು, ಇಳಿಜಾರಿನಲ್ಲಿ ಸದ್ದಿಲ್ಲದೆ ಇಳಿದು ನೆಲಮಾಳಿಗೆಯನ್ನು ಸೇರಿತು. ಬೆಳಗಿನ ಐದೂವರೆಗೆ ವಾಚ್‌ಮನ್ ಫೋನ್ ಮಾಡಿದ: "ಸಾಹೇಬ್ರ, ಕೆಳಗ ನೀರು ಹೊಕ್ಕಾವ್ರಿ. ವಾಲ್ವು ಎಲ್ಲೈತೋ ಸಿಗವಲ್ದು, ಲಗೂನ ಬರ್ರಿ."

ವಾಲ್ವು ಶಹಾಬಾದ ಫರ್ಸಿಯ ಕೆಳಗಿತ್ತು. ಫರ್ಸಿಯ ಮೇಲೆ ಯಾರೋ ಕೈಗಾಡಿ ನಿಲ್ಲಿಸಿದ್ದರು. ನಾನು ಬಂದು ಅದನ್ನು ಬಂದ್ ಮಾಡುವ ಹೊತ್ತಿಗೆ ಆರೂಕಾಲು. ನೆಲಮಾಳಿಗೆಯಲ್ಲಿ ನಿಂತಿದ್ದದ್ದು ಕೇವಲ ಎರಡು ಇಂಚು ನೀರು. ಆದರೆ ಭಾನುವಾರ ಪೇಟೆಗೆ ರಜೆ, ಗೋದಾಮುಗಳ ಕೀಲಿಗಳು ಮಾಲೀಕರ ಮನೆಗಳಲ್ಲಿದ್ದವು, ಶಾಲಾ ಸಮವಸ್ತ್ರದ ಬಟ್ಟೆ ತುಂಬಿದ್ದ ಗೋದಾಮಿನ ಮಾಲೀಕರು ಮದುವೆಗೆಂದು ಗದಗಿಗೆ ಹೋಗಿದ್ದರು. ಅವರು ಬಂದು ಶಟರ್ ಎತ್ತಿದಾಗ ಹತ್ತು ಗಂಟೆ ದಾಟಿತ್ತು. ನೆಲದ ಮೇಲೆ ಎರಡೇ ಇಂಚು ಇದ್ದ ನೀರನ್ನು ಬಟ್ಟೆಯ ಗಂಟುಗಳು ಬತ್ತಿ ಎಣ್ಣೆ ಹೀರುವಂತೆ ಒಂದು ಅಡಿಗೂ ಮೇಲಕ್ಕೆ ಹೀರಿಕೊಂಡಿದ್ದವು. ಪಕ್ಕದ ಗೋದಾಮಿನ ಖಣಗಳ ಕೆಂಪು ಬಣ್ಣ ಬಿಟ್ಟು ಬಿಳಿಯ ಅಂಗಿ ಬಟ್ಟೆಗೆ ಹತ್ತಿತ್ತು. ಶಾಲೆಗಳು ತೆರೆಯಲು ಎರಡು ವಾರವಷ್ಟೇ ಉಳಿದಿದ್ದ ಆ ಸಮಯದಲ್ಲಿ ಆ ಹಿರಿಯರು ಒದ್ದೆ ಥಾನೊಂದನ್ನು ಬಿಚ್ಚಿ, ಬಣ್ಣ ಹತ್ತಿದ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ ನಿಂತದ್ದು ಇಂದಿಗೂ ನನ್ನ ಕಣ್ಣ ಮುಂದಿದೆ. ಅವರ ವಿಮೆ ಮೇಲಿನ ಅಂಗಡಿಯ ವಿಳಾಸಕ್ಕೆ ಮಾತ್ರ ಇತ್ತು. ಗೋದಾಮನ್ನು ಪಾಲಿಸಿಯಲ್ಲಿ ಕಾಣಿಸಿರಲಿಲ್ಲ.

ಮರುವಾರ ಎಲ್ಲ ಬಾಡಿಗೆದಾರರನ್ನೂ ಕೂಡಿಸಿ ನಾನು ಮೊದಲು ಎತ್ತಿದ ಮಾತು ಕೀಲಿಗಳದು. ಅದಕ್ಕೆ ಬಂದ ವಿರೋಧ ಸಹಜವಾದದ್ದೇ, ಏಕೆಂದರೆ ಲಕ್ಷಾಂತರ ರೂಪಾಯಿಯ ಮಾಲಿರುವ ಗೋದಾಮಿನ ಕೀಲಿಯನ್ನು ಬೇರೆಯವರ ಕೈಗೆ ಯಾವ ವ್ಯಾಪಾರಿಯೂ ಕೊಡಲಾರ. ಎರಡು ತಿಂಗಳ ಮಾತುಕತೆಯ ನಂತರ ಒಪ್ಪಿಗೆಯಾದ ಪದ್ಧತಿ ಹೀಗಿದೆ. ಪ್ರತಿಯೊಬ್ಬರೂ ಒಂದು ಹೆಚ್ಚುವರಿ ಕೀಲಿಯನ್ನು ಲಕೋಟೆಯಲ್ಲಿ ಹಾಕಿ, ಅರಗಿನಿಂದ ಮುದ್ರೆ ಒತ್ತಿ, ಅಂಟಿಸಿದ ಜಾಗದ ಮೇಲೆ ಅಡ್ಡವಾಗಿ ಸಹಿ ಮಾಡಿ ಕೊಡುತ್ತಾರೆ. ಲಕೋಟೆಗಳೆಲ್ಲ ಎರಡು ಬೀಗಗಳ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿರುತ್ತವೆ. ಒಂದು ಬೀಗದ ಕೀಲಿ ನನ್ನಲ್ಲಿ, ಇನ್ನೊಂದು ಕಟ್ಟಡದ ಹಿಂದೆಯೇ ವಾಸವಿರುವ ಔಷಧ ಅಂಗಡಿಯವರಲ್ಲಿ. ಪೆಟ್ಟಿಗೆ ತೆರೆಯುವ ಮುನ್ನ ಮಾಲೀಕರಿಗೆ ಫೋನ್ ಮಾಡಬೇಕು, ಅವರು ಎತ್ತದಿದ್ದರೂ ತೆರೆಯಬಹುದು, ತೆರೆದದ್ದನ್ನು ವಹಿಯಲ್ಲಿ ಬರೆಯಬೇಕು. ಇಬ್ಬರು ವ್ಯಾಪಾರಿಗಳು ಮೂರು ವರ್ಷ ಕಳೆದ ಮೇಲೆ ಕೀಲಿ ಕೊಟ್ಟರು. ಅವರನ್ನು ನಾನು ಒತ್ತಾಯಿಸಲಿಲ್ಲ; ನಂಬಿಕೆಯಿಲ್ಲದೆ ಕೊಟ್ಟ ಕೀಲಿಯಿಂದ ಮುಂದೆ ಜಗಳ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಟ್ಟಡದ ಹನ್ನೊಂದು ವಾಲ್ವುಗಳಿಗೂ ಕೆಂಪು ಬಣ್ಣ ಹಚ್ಚಿ, ಯಾವುದು ಯಾವ ಪೈಪಿನದೆಂದು ಕನ್ನಡದಲ್ಲಿ ಬರೆದ ತಗಡುಗಳನ್ನು ಕಟ್ಟಿದೆವು. ಹೊಸ ವಾಚ್‌ಮನ್ ಬಂದಾಗ ಮೊದಲ ದಿನವೇ ಕತ್ತಲಾದ ಮೇಲೆ ಅವನ ಕೈಗೆ ಬ್ಯಾಟರಿ ಕೊಟ್ಟು ಎಲ್ಲ ವಾಲ್ವುಗಳನ್ನೂ ಅವನಿಂದಲೇ ತಿರುಗಿಸಿ ನೋಡುತ್ತೇನೆ. ವರ್ಷಗಟ್ಟಲೆ ತಿರುಗಿಸದ ವಾಲ್ವು ಬೇಕಾದ ಹೊತ್ತಿಗೆ ಅಲುಗಾಡುವುದಿಲ್ಲ, ಬಲ ಹಾಕಿದರೆ ಮುರಿಯುತ್ತದೆ. ಸಂಪಿನ ಬಾಯಿಯ ಸುತ್ತ ಒಂದು ಅಡಿ ಎತ್ತರದ ಕಟ್ಟೆ ಕಟ್ಟಿಸಿ, ಉಕ್ಕುವ ನೀರು ನೇರವಾಗಿ ರಸ್ತೆ ಬದಿಯ ಗಟಾರಕ್ಕೆ ಹೋಗುವಂತೆ ಪೈಪು ಹಾಕಿಸಿದೆವು. ನೆಲಮಾಳಿಗೆಯ ಅತಿ ತಗ್ಗಿನ ಮೂಲೆಯಲ್ಲಿ, ನೆಲದಿಂದ ಅರ್ಧ ಇಂಚು ನೀರು ಏರಿದರೆ ವಾಚ್‌ಮನ್ ಕೋಣೆಯಲ್ಲಿ ಗಂಟೆ ಬಾರಿಸುವ ತೇಲು ಸ್ವಿಚ್ಚನ್ನು ಬ್ಯಾಟರಿಗೆ ಜೋಡಿಸಿ ಇಡಿಸಿದೆವು. ನಾವು ಮಾಡಿದ ಎಲ್ಲ ಕೆಲಸಗಳಲ್ಲಿ ಅತಿ ಕಡಿಮೆ ಖರ್ಚಿನದು ಇದೇ, ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ.

ಮಾಲನ್ನು ನೆಲದಿಂದ ಎತ್ತಿ ಇಡಬೇಕೆಂದು ಎಲ್ಲರಿಗೂ ಗೊತ್ತು. ಮೊದಲು ನಾವು ಮರದ ಹಲಗೆಗಳನ್ನು ಬಳಸಿದೆವು, ಆದರೆ ಮರವೂ ನೀರನ್ನು ಹೀರಿ ಮೇಲಕ್ಕೆ ದಾಟಿಸುತ್ತದೆ. ಆದ್ದರಿಂದ ಈಗ ಒಂಬತ್ತು ಇಂಚು ಎತ್ತರದ ಕಬ್ಬಿಣದ ಸ್ಟ್ಯಾಂಡುಗಳಿವೆ. ಗೋಡೆಗೂ ಗಂಟುಗಳಿಗೂ ನಡುವೆ ಒಂದು ಗೇಣು ಅಂತರ ಬಿಡುವಂತೆ ಬಾಡಿಗೆ ಕರಾರಿನಲ್ಲಿಯೇ ಬರೆಸಿದ್ದೇನೆ.

ಆ ಅಂತರಕ್ಕೆ ನಮ್ಮ ಮಣ್ಣು ಕಾರಣ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಏಪ್ರಿಲ್ ಹೊತ್ತಿಗೆ ಕಟ್ಟಡದ ಗೋಡೆಗೂ ಹೊರಗಿನ ಮಣ್ಣಿಗೂ ನಡುವೆ ಕೈಬೆರಳು ಇಳಿಯುವಷ್ಟು ಬಿರುಕು ಬಿದ್ದಿರುತ್ತದೆ, ಮೊದಲ ಅಡ್ಡಮಳೆಯ ನೀರು ಅದರೊಳಗೆ ನೇರವಾಗಿ ಇಳಿದು ನೆಲಮಾಳಿಗೆಯ ಗೋಡೆಯನ್ನು ಒತ್ತುತ್ತದೆ. ಒಳಗಿನಿಂದ ಬಣ್ಣದಂಥ ಲೇಪನ ಬಳಿಸಲು ಎರಡು ಸಲ ಹಣ ವ್ಯಯಿಸಿದೆವು. ಹೊರಗಿನ ನೀರು ತಳ್ಳಿ ತಳ್ಳಿ ಅದು ಎರಡೇ ಮಳೆಗಾಲಗಳಲ್ಲಿ ಹಪ್ಪಳದಂತೆ ಎದ್ದು ಬಂತು. ಕೊನೆಗೆ ಹಳೆಯ ಗೌಂಡಿಯೊಬ್ಬರ ಮಾತು ಕೇಳಿ, ಹೊರಗಡೆ ಗೋಡೆಯುದ್ದಕ್ಕೂ ಮೂರು ಅಡಿ ಅಗಲದ ಕಾಂಕ್ರೀಟು ಪಟ್ಟಿಯನ್ನು ಹೊರಕ್ಕೆ ಇಳಿಜಾರು ಕೊಟ್ಟು ಹಾಕಿಸಿ, ಗೋಡೆಯೊಂದಿಗೆ ಕೂಡುವ ಸಂದಿಯನ್ನು ಡಾಂಬರಿನಿಂದ ತುಂಬಿಸಿದೆವು. ತೇವ ಪೂರ್ತಿ ನಿಂತಿಲ್ಲ, ಗೋಡೆಯ ಮೇಲೆ ನೀರು ಹರಿಯುವುದು ನಿಂತಿದೆ.

ತಾರಸಿಯ ವಿಷಯದಲ್ಲಿ ನನಗೆ ಕಣ್ಣು ತೆರೆಸಿದ್ದು ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್. ನಮ್ಮ ತಾರಸಿ 4,000 ಚದರ ಅಡಿ, ಎಂದರೆ ಸುಮಾರು 370 ಚದರ ಮೀಟರ್. ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಸುರಿದರೆ ಹದಿನೆಂಟು ಸಾವಿರ ಲೀಟರಿಗೂ ಹೆಚ್ಚು ನೀರು ಕೆಳಗಿಳಿಯಬೇಕು. ಅಂಥ ಮಳೆಗೆ 100 ಮಿ.ಮೀ. ವ್ಯಾಸದ ಒಂದು ಪೈಪು ಸುಮಾರು 85 ಚದರ ಮೀಟರಿಗೆ ಸಾಕಾಗುತ್ತದೆ ಎಂಬುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕ. ನಮ್ಮಲ್ಲಿ ಎರಡೇ ಪೈಪುಗಳಿದ್ದವು; ಈಗ ಐದಿವೆ. ಅವೂ ಕಟ್ಟಿಕೊಂಡರೆ ಗತಿ ಏನು ಎಂದು ತಾರಸಿಯ ಸುತ್ತಲಿನ ದಂಡೆಗೋಡೆಯಲ್ಲಿ, ತಾರಸಿಯಿಂದ ನಾಲ್ಕು ಇಂಚು ಎತ್ತರದಲ್ಲಿ, ಎರಡು ಕಿಂಡಿಗಳನ್ನು ಕೊರೆಸಿದ್ದೇನೆ. ಆ ಕಿಂಡಿಗಳಿಂದ ರಸ್ತೆಗೆ ನೀರು ಬೀಳುವುದನ್ನು ಕಂಡರೆ ಮೇಲೆ ಪೈಪು ಕಟ್ಟಿದೆ ಎಂದು ಎದುರಿನ ಚಹಾ ಅಂಗಡಿಯವರೂ ಗುರುತಿಸಿ ಹೇಳಿ ಕಳಿಸುತ್ತಾರೆ.

2019ರ ಆಗಸ್ಟಿನಲ್ಲಿ ಉತ್ತರ ಕರ್ನಾಟಕಕ್ಕೆಲ್ಲ ನೆರೆ ಬಂದಾಗ ನಮ್ಮ ಸಿದ್ಧತೆಯ ಕೊರತೆ ಬೇರೆ ರೀತಿಯಲ್ಲಿ ಬಯಲಾಯಿತು. ರಸ್ತೆಯ ಗಟಾರ ತುಂಬಿ, ಅದರ ನೀರು ನಮ್ಮದೇ ಪೈಪಿನ ಮೂಲಕ ಹಿಂದಕ್ಕೆ ಬಂತು. ನೀರೆತ್ತುವ ಪಂಪು ಇತ್ತು, ವಿದ್ಯುತ್ ಇರಲಿಲ್ಲ. ದೊಡ್ಡ ಮಳೆಯೂ ವಿದ್ಯುತ್ ಕಡಿತವೂ ಜೊತೆಯಾಗಿಯೇ ಬರುತ್ತವೆ ಎಂಬುದನ್ನು ನಾನು ಮೊದಲೇ ಯೋಚಿಸಬೇಕಾಗಿತ್ತು. ಆ ದಿನ ಒಂಬತ್ತು ಇಂಚಿನ ಸ್ಟ್ಯಾಂಡುಗಳು ಮಾಲನ್ನು ಉಳಿಸಿದವು. ನಂತರ ಹೊರಹೋಗುವ ಪೈಪಿಗೆ ಹಿಮ್ಮುಖ ಹರಿವನ್ನು ತಡೆಯುವ ವಾಲ್ವು ಹಾಕಿಸಿ, ಇಳಿಜಾರಿನ ತಲೆಯಲ್ಲಿ ಆರು ಇಂಚಿನ ಉಬ್ಬು ಮಾಡಿಸಿ, ಪೆಟ್ರೋಲಿನ ಪಂಪೊಂದನ್ನು ಕೊಂಡೆವು. ನೆಲಮಾಳಿಗೆಯ ಮೆಟ್ಟಿಲ ಕೆಳಗಿದ್ದ ಮೀಟರ್ ಬೋರ್ಡನ್ನು ನೆಲಮಟ್ಟಕ್ಕೆ ಏರಿಸಿದೆವು. ನಿಂತ ನೀರಿಗೆ ಕಾಲಿಡುವ ಮುನ್ನ ಮೇನ್ ಸ್ವಿಚ್ ಬಂದ್ ಮಾಡಲೇಬೇಕು. ಅದು ನೀರಿನ ನಡುವೆಯೇ ಇದ್ದರೆ ಬಂದ್ ಮಾಡುವವನ ಜೀವಕ್ಕೇ ಅಪಾಯ.

ವಿಮೆಯ ಬಗ್ಗೆಯೂ ಹೇಳಬೇಕು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿ ಒಂದು ಸ್ಥಳದಲ್ಲಿ ಐದು ಕೋಟಿ ರೂಪಾಯಿವರೆಗಿನ ಆಸ್ತಿಗೆ ಅನ್ವಯಿಸುತ್ತದೆ. ನೆರೆಯಿಂದ ಆಗುವ ಹಾನಿಯೂ, ನೀರಿನ ಟಾಕಿ ಮತ್ತು ಪೈಪುಗಳು ಒಡೆದು ಇಲ್ಲವೆ ಉಕ್ಕಿ ಆಗುವ ಹಾನಿಯೂ ಅದರಲ್ಲಿ ಸೇರಿವೆ. ದಿನದಿನಕ್ಕೆ ಜಿನುಗಿ ಗೋಡೆ ಕೆಡುವ ತೇವಕ್ಕೆ ಪರಿಹಾರವನ್ನು ನೆಚ್ಚಿಕೊಳ್ಳುವಂತಿಲ್ಲ, ಅದನ್ನು ದುರಸ್ತಿಯಿಂದಲೇ ಬಗೆಹರಿಸಬೇಕು. ನವೀಕರಣದ ದಿನ ಗೋದಾಮಿನ ವಿಳಾಸ ಪಾಲಿಸಿಯಲ್ಲಿದೆಯೇ ಎಂದು ಪ್ರತಿಯೊಬ್ಬರನ್ನೂ ನಾನೇ ಕೇಳುತ್ತೇನೆ. ನೀರು ನುಗ್ಗಿದರೆ ಮೊದಲು ಫೋಟೋ ತೆಗೆದು, ಬಳಿಕ ಒದ್ದೆ ಮಾಲನ್ನು ಬೇರ್ಪಡಿಸಿ, ಅದೇ ದಿನ ಗಾಳಿಗೆ ಬಿಚ್ಚಿ ಹರಡಬೇಕು. ಒಂದೆರಡು ದಿನ ಕಟ್ಟಿಟ್ಟರೆ ಬೂಸಲು ಹಿಡಿಯುತ್ತದೆ. ಸರ್ವೇಯರ್ ನೋಡುವವರೆಗೆ ಹಾಳಾದ ಮಾಲನ್ನು ಎಸೆಯಬಾರದು.

ಕಳೆದ ವರ್ಷ ಜೂನ್‌ನಲ್ಲಿ ರಾತ್ರಿ ಎರಡು ಗಂಟೆಗೆ ನೆಲಮಾಳಿಗೆಯ ತೇಲು ಸ್ವಿಚ್ಚಿನ ಗಂಟೆ ಬಾರಿಸಿತು. ಪ್ರಯೋಗಾಲಯದ ಯಂತ್ರಕ್ಕೆ ಹೋಗುವ ಸಣ್ಣ ಪೈಪು ಕಳಚಿ, ನೀರು ಮೆಟ್ಟಿಲುಗಳಿಂದ ಇಳಿದು ಬಂದಿತ್ತು. ವಾಚ್‌ಮನ್ ಏಳನೆಯ ನಂಬರಿನ ವಾಲ್ವನ್ನು ತಾನೇ ಬಂದ್ ಮಾಡಿ ನಂತರ ನನಗೆ ಫೋನ್ ಮಾಡಿದ. ಔಷಧ ಅಂಗಡಿಯವರೂ ನಾನೂ ಪೆಟ್ಟಿಗೆ ತೆರೆದು ಮೂರು ಗೋದಾಮುಗಳನ್ನು ನೋಡಿದೆವು; ನೆಲ ಒದ್ದೆಯಾಗಿತ್ತು, ಒಂದು ಥಾನಿಗೂ ನೀರು ತಾಗಿರಲಿಲ್ಲ. ಬೆಳಿಗ್ಗೆ ಹೊಸ ಲಕೋಟೆಗಳಿಗೆ ಮತ್ತೆ ಅರಗು ಹಾಕಿಸಿಕೊಂಡೆವು.