ಪಾಠ ಮಾಡದವರಿಗೂ ಯೂನಿವರ್ಸಿಟಿಯಲ್ಲಿ ಕೆಲಸ ಇದೆ, ನಾನು ಹುಡುಕಿದ್ದು ಹೀಗೆ

ನಮ್ಮ ಕಡೆ ಯೂನಿವರ್ಸಿಟಿ ನೌಕರಿ ಅಂದರೆ ಲೆಕ್ಚರರ್, ಇಲ್ಲಾಂದ್ರೆ ಕ್ಲರ್ಕ್. "ನೆಟ್ ಇಲ್ಲ, ಪಿಎಚ್‌ಡಿ ಇಲ್ಲ, ಅಲ್ಲೇನ ಮಾಡ್ತೀಪಾ?" ಅಂತ ಕಾಕಾ ಕೇಳಿದರು. ನಾನು ಗೋಕಾಕದ ಒಂದು ಸಣ್ಣ ಸಂಸ್ಥೆಯಲ್ಲಿ ದೇಣಿಗೆ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಈಗ ಬೆಳಗಾವಿ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಹಳೆ ವಿದ್ಯಾರ್ಥಿಗಳ ಸಂಪರ್ಕ, ದೇಣಿಗೆ, ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ, ಇದೇ ನನ್ನ ಕೆಲಸ.

ಇಂಥ ಕೆಲಸ ಬೇಕಂತ ಡೆವಲಪ್‌ಮೆಂಟ್ ಆಫೀಸರ್ ಅಂತ ಹುಡುಕಬೇಡಿ, ಬರೀ ಪಿಡಿಒ ಮತ್ತು ಇನ್ಶೂರೆನ್ಸ್ ಹುದ್ದೆಗಳು ಸಿಗುತ್ತವೆ. ಇಲ್ಲಿ ಇದು ಅಲುಮ್ನಿ (ಹಳೆ ವಿದ್ಯಾರ್ಥಿ) ಕೋಆರ್ಡಿನೇಟರ್, ಇಂಡಸ್ಟ್ರಿ ರಿಲೇಶನ್ಸ್, ಐಕ್ಯೂಎಸಿ (ಗುಣಮಟ್ಟ ನೋಡಿಕೊಳ್ಳುವ ವಿಭಾಗ) ಆಫೀಸಿನ ಸಹಾಯಕ ಅಂತೆಲ್ಲ ಅಡಗಿಕೊಂಡಿರುತ್ತದೆ. ಮಚ್ಛೆಯ ವಿಟಿಯು, ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿವಿ, ಕೆಎಲ್‌ಇ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿವಿ, ಬಿಎಲ್‌ಡಿಇ, ಬಾಗಲಕೋಟೆಯ ತೋಟಗಾರಿಕೆ ವಿವಿ, ಇವೆಲ್ಲವುಗಳ ನೋಟಿಫಿಕೇಶನ್ ಪುಟವನ್ನು ವಾರಕ್ಕೊಮ್ಮೆ ತೆರೆಯುತ್ತಿದ್ದೆ. ಸರ್ಕಾರಿ ವಿವಿಗಳಲ್ಲಿ ಖಾಯಂ ಹುದ್ದೆ ತುಂಬಲು ಸರ್ಕಾರದ ಒಪ್ಪಿಗೆ ಬೇಕು, ಹಾಗಾಗಿ ನನ್ನ ಕಣ್ಣಿಗೆ ಬಿದ್ದದ್ದು ಜಾಸ್ತಿ ಗುತ್ತಿಗೆ ಹುದ್ದೆಗಳೇ. ಅಸಿಸ್ಟೆಂಟ್ ರಿಜಿಸ್ಟ್ರಾರ್ ಹುದ್ದೆ ಮೇಲೆ ಕಣ್ಣಿದ್ದರೆ ಯುಜಿಸಿ ನಿಯಮದಂತೆ ಮಾಸ್ಟರ್ಸ್‌ನಲ್ಲಿ 55% ಬೇಕು, ಅದನ್ನು ಮೊದಲೇ ನೋಡಿಕೊಳ್ಳಿ.

ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಎಕ್ಯೂಎಆರ್. ಕಾಲೇಜು, ವಿವಿಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಕೊಡುವ ವಾರ್ಷಿಕ ವರದಿ ಅದು, ಐಕ್ಯೂಎಸಿ ಪುಟದಲ್ಲಿ ಪಿಡಿಎಫ್ ಆಗಿ ಬಿದ್ದಿರುತ್ತದೆ, ಯಾರೂ ಓದುವುದಿಲ್ಲ. ಅದರ ಐದನೇ ಮಾನದಂಡದ 5.4 ತೆಗೆದು ನೋಡಿ: ಹಳೆ ವಿದ್ಯಾರ್ಥಿ ಸಂಘ ರಿಜಿಸ್ಟರ್ ಆಗಿದೆಯಾ, ಎಷ್ಟು ಹಣ ಬಂದಿದೆ. ಅಲ್ಲಿ ಸೊನ್ನೆಗೆ ಹತ್ತಿರದ ಅಂಕಿ ಕಂಡರೆ ಅವರಿಗೆ ಆಳು ಬೇಕು ಅಂತಲೇ ಅರ್ಥ, ಜಾಹೀರಾತು ಇಲ್ಲದಿದ್ದರೂ. ನಾನು ಹಾಗೆ ಒಂದು ಕಡೆ, ಅವರದೇ ಅಂಕಿ ಹಿಡಿದು, ಒಂದು ಪುಟದ ಪತ್ರ ಬರೆದು ರಿಜಿಸ್ಟ್ರಾರ್ ಆಫೀಸಿನ ಆವಕ ವಿಭಾಗದಲ್ಲಿ ಕೊಟ್ಟು, ನನ್ನ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡೆ. ಈಮೇಲ್‌ಗೆ ಉತ್ತರ ಕೊಡದವರೂ ಸೀಲು ಬಿದ್ದ ಕಾಗದಕ್ಕೆ ಫೈಲ್ ತೆರೆಯುತ್ತಾರೆ ನೋಡಿ.

ಸಂದರ್ಶನದಲ್ಲಿ ಮಾತುಗಾರಿಕೆ ಕೇಳಲಿಲ್ಲ. "80ಜಿ ರಸೀದಿ ಮಾಡಿದೀರೇನ್ರಿ?" ಅಂದರು. ದಾನಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವ ರಸೀದಿ ಅದು. ದಾನಿಗಳ ಪ್ಯಾನ್ ಕೂಡಿಸಿ ಮೇ 31ರೊಳಗೆ ತೆರಿಗೆ ಇಲಾಖೆಗೆ ದೇಣಿಗೆಗಳ ಪಟ್ಟಿ, ಅಂದರೆ ಫಾರ್ಮ್ 10ಬಿಡಿ ಹಾಕೋದು, ಆಮೇಲೆ ದಾನಿಗಳಿಗೆ 10ಬಿಇ ಪ್ರಮಾಣಪತ್ರ ತೆಗೆದು ಕಳಿಸೋದು, ಇದನ್ನು ಗೋಕಾಕದಲ್ಲಿ ಕೈಯಾರೆ ಮಾಡಿದ್ದೆ, ಹೇಳಿದೆ. ಕಾನೂನಿನ ಮಿತಿ ದಾಟಿದ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2% ಸಿಎಸ್‌ಆರ್‌ಗೆ ಕೊಡಬೇಕು ಅನ್ನೋದು ಎಲ್ಲರಿಗೂ ಗೊತ್ತು, ಆದರೆ ಹಣ ಪಡೆದು ಆ ಕೆಲಸ ಮಾಡುವ ಸಂಸ್ಥೆ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ ಮಾಡಿರಬೇಕು ಅಂದಾಗ ಕುರ್ಚಿಯಲ್ಲಿದ್ದವರು ಪೆನ್ ತೆಗೆದು ಬರೆದುಕೊಂಡರು.

ಅದಕ್ಕೇ ಹೇಳೋದು, ಎನ್‌ಜಿಒ, ಸೊಸೈಟಿ, ಬ್ಯಾಂಕಿನಲ್ಲಿ ದುಡಿದವರು ಸುಮ್ನೆ ಹಿಂಜರಿಯಬೇಡಿ. ಮೂರು ವಿಷಯ ಮಾತ್ರ ಆರ್ಡರ್ ಕೈಗೆ ಬರುವ ಮುಂಚೆ ಕೇಳಿ: ಗುತ್ತಿಗೆ ಯೂನಿವರ್ಸಿಟಿ ಜತೆಗೋ ಏಜೆನ್ಸಿ ಜತೆಗೋ, ಪಿಎಫ್ ಯಾರು ಕಟ್ಟುತ್ತಾರೆ, ನವೀಕರಣ ಯಾವ ತಿಂಗಳು.